ಎರಡನೇ ಸಲ ಅಳೆದಾಗ

ಮೂವತ್ತು ದಿನ ಬಿಟ್ಟು
ಅದೇ ಎಲುಬನ್ನು ಮತ್ತೆ ಅಳೆಯಬೇಕು, ಹಳೆಯ ಅಂಕಿ ನೋಡದೆ.
ನಮ್ಮಲ್ಲಿ ಹಾಗೊಂದು ನಿಯಮ. ಎಲುಬಿನ ಪರೀಕ್ಷೆಯಲ್ಲ ಅದು,
ನನ್ನ ಕೈಯ ಪರೀಕ್ಷೆ.

ಪೋರ್ತೊ. ನೆಲಮಾಳಿಗೆ. ಮೇಲೆ ತಿರುವಿನಲ್ಲಿ ಟ್ರಾಮು ಕಿರುಗುಟ್ಟಿದಾಗ
ರಟ್ಟಿನ ಪೆಟ್ಟಿಗೆಗಳು ಒಂದಿಷ್ಟು ಅದುರುತ್ತವೆ,
ಆಮೇಲೆ ಸುಮ್ಮನಾಗುತ್ತವೆ, ತರಗತಿಗೆ ಮೇಷ್ಟ್ರು ಬಂದ ಹಾಗೆ.
ಗೋರಿಯ ಬಾಡಿಗೆ ಮುಗಿದು, ಕೇಳುವವರಿಲ್ಲದೆ
ನಗರಸಭೆಯ ವ್ಯಾನಿನಲ್ಲಿ ಬಂದವರು ಇವರೆಲ್ಲ.

ನಾನು ಹೇಳುತ್ತೇನೆ, ಟೆಲ್ಮೊ ಬರೆದುಕೊಳ್ಳುತ್ತಾನೆ:
ಪೆಟ್ಟಿಗೆ ಇನ್ನೂರ ಹದಿನೇಳು. ಬಲಗಡೆ.
ಹೆಗಲ ಹಲಗೆಯ ಉದ್ದ ನೂರ ನಲವತ್ತೊಂದು ಬಿಂದು ಎರಡು.
ಅಗಲ ತೊಂಬತ್ತಾರು ಬಿಂದು ಎಂಟು.
ಕೀಲಿನ ಬಟ್ಟಲು
ಕೆಲವರದು ಮೊಟ್ಟೆ, ಕೆಲವರದು ಪೇರು ಹಣ್ಣು,
ಇವಳದು ತಲೆಕೆಳಗಾದ ಅಲ್ಪವಿರಾಮ,
ಏನೋ ಹೇಳುತ್ತಿದ್ದವಳು ಉಸಿರಿಗೆಂದು ನಿಂತಂತೆ.
ಹಾಗೆಲ್ಲ ಬರೆಯಬೇಡ, ಅಂದೆ.
ಬರಿ, ಆಕಾರ: ಮೂರು.

ಬೆಳಕಿಗೆ ಹಿಡಿದರೆ ಹಲಗೆಯ ನಡು
ಸುಡದ ಹಪ್ಪಳ. ಆಚೆಗೆ ನನ್ನ ಬೆರಳಿನ ನೆರಳು ಕಾಣುತ್ತದೆ.
ಇಷ್ಟು ತೆಳುವಿನ ಮೇಲೆ ಅಷ್ಟು ಹೊರೆ ಹೇಗೆ ಎಂದು
ಹೊಸಬರೆಲ್ಲ ಕೇಳುತ್ತಾರೆ.
ಹೊರುವುದು ಅಂಚು ಕಣ್ರೋ, ನಡುವಲ್ಲ.

ದಾಖಲೆಯಲ್ಲಿದೆ: ಎರ್ಮೆಲಿಂದಾ ದಾ ಕುನ್ಯಾ, ವಯಸ್ಸು ಅರವತ್ತೊಂದು,
ಎದೆಗೂಡಿನ ಕಾಯಿಲೆ. ಕಸುಬು: ಗೃಹಿಣಿ.
ಇಲ್ಲಿರುವ ಹೆಂಗಸರೆಲ್ಲರ ಕಸುಬೂ ಗೃಹಿಣಿ.
ದೋರು ದಂಡೆಯಿಂದ ಕಡಿದಾದ ಏರಿನಲ್ಲಿ
ಬೇಕರಿಯ ಒಲೆಗೆ ಪೊದೆಸೌದೆ ಹೊತ್ತವಳೂ,
ಹಡಗಿನಿಂದ ಕಲ್ಲಿದ್ದಲ ಬುಟ್ಟಿ ಇಳಿಸಿದವಳೂ,
ಬೀದಿಬೀದಿಗೆ ಮೀನು ಕೂಗಿದವಳೂ, ನನ್ನ ಅಜ್ಜಿಯೂ.
ಗುಮಾಸ್ತ ತಲೆಯೆತ್ತದೆ ಬರೆದ
ಒಂದೇ ಪದ.

ಇವತ್ತು ಪೆಟ್ಟಿಗೆಯ ಮೂಲೆಯಲ್ಲಿ ಒಂದು ಕಾಗದದ ಪೊಟ್ಟಣ.
ಹಿಂದಿನವರಾರದೋ ಕೈಬರಹ: ಚೂರು, ಯಾರದೋ.
ಬಿಚ್ಚಿದೆ. ಗೋಡಂಬಿಯಷ್ಟು.
ಮುರಿದ ಅಂಚಲ್ಲ ಅದು; ಗಂಟುಗಂಟಾಗಿದ್ದು
ಏನನ್ನೋ ಉಜ್ಜಿ ಉಜ್ಜಿ ಸವೆದ ಅಂಚು.
ಹೆಗಲ ತುದಿಗೆ ತಂದು ಹಿಡಿದೆ.
ಕೂತಿತು.

ಇಪ್ಪತ್ತರ ಆಸುಪಾಸಿಗೆಲ್ಲ
ಆ ತುದಿಯ ತುಂಡುಗಳು ಬೆಸೆದುಕೊಳ್ಳಬೇಕು.
ನೂರರಲ್ಲಿ ಏಳೆಂಟು ಜನಕ್ಕೆ ಬೆಸೆಯುವುದೇ ಇಲ್ಲ.
ಹುಟ್ಟಿನಿಂದಲೋ ಹೊರೆಯಿಂದಲೋ...
ಹೊರೆಯಿಂದ, ಅಂದ ಟೆಲ್ಮೊ, ಪೆನ್ನು ಎತ್ತಿ.
ಗೊತ್ತಿಲ್ಲ, ಅಂದೆ.
ಗೊತ್ತಿಲ್ಲ ಅನ್ನುವುದಕ್ಕೂ ಒಂದು ಕಾಲಮ್ಮಿದೆ ನಮ್ಮಲ್ಲಿ.

ಅಂದರೂ, ಕುಂಬಳಕಾಯಿ ಕಳ್ಳರ ಹಾಗೆ
ಇಬ್ಬರೂ ಬಲ ಹೆಗಲು ಮುಟ್ಟಿ ನೋಡಿಕೊಂಡೆವು.
ಅವನ ಕೈಗೆ ಏನು ಸಿಕ್ಕಿತೋ, ಹೇಳಲಿಲ್ಲ. ನನಗೆ
ಅಂಗಿಯ ಕೆಳಗೆ, ಚೀಲದ ಪಟ್ಟಿ ಒತ್ತುವಲ್ಲಿ, ಒಂದು ತಗ್ಗು.
ಮೊದಲೂ ಇತ್ತೇ?
ನನ್ನನ್ನು ನಾನು ಒಮ್ಮೆಯೂ ಅಳೆದಿಲ್ಲ.

ಮಧ್ಯಾಹ್ನ ಹಳೆಯ ಹಾಳೆ ತೆಗೆದು ತಾಳೆ ನೋಡಿದೆವು.
ಉದ್ದ, ಆಗ: ನೂರ ನಲವತ್ತು ಬಿಂದು ಒಂಬತ್ತು.
ಸತ್ತು ಎಂಬತ್ತು ವರ್ಷ ದಾಟಿದವಳು
ಒಂದು ತಿಂಗಳಲ್ಲಿ ಬೆಳೆಯುವುದಿಲ್ಲ.
ಮಾರ್ಚಿನ ಆ ದಿನ ನನಗೆ ಜ್ವರವಿತ್ತೇ,
ಮಗಳ ಜೊತೆ ಜಗಳವಿತ್ತೇ,
ಕ್ಯಾಲಿಪರನ್ನು ತುಸು ಬಿಗಿಯಾಗಿ ಒತ್ತಿದ್ದೆನೇ?
ಬಿಂದು ಮೂರು ನನ್ನದು. ಬರೆದುಕೋ.

ಐದು ಗಂಟೆಗೆ ಪೊಟ್ಟಣದ ಮೇಲಿನ ಬರಹ ಹೊಡೆದುಹಾಕಿ
ಎರ್ಮೆಲಿಂದಾಳದು, ಬಲ, ಎಂದು ಬರೆದೆ.
ಕಸುಬಿನ ಕಾಲಮ್ಮು ಮುಟ್ಟಲಿಲ್ಲ. ಆ ಅಧಿಕಾರ ನನಗಿಲ್ಲ.
ಟೆಲ್ಮೊ ಪೆಟ್ಟಿಗೆ ಎತ್ತಿದ,
ಭಾರವೇ ಇಲ್ಲವಲ್ಲ, ಅಂದ.
ಏಣಿ ಹತ್ತುವಾಗ ಮಾತ್ರ
ಹೆಗಲಿಗೇರಿಸಿಕೊಂಡ,
ಎಡಕ್ಕೆ.